ರಕ್ತದಲ್ಲಿ ಏನೂ ಇಲ್ಲ

ಮಗ ಮೊದಲು ಫೈಲನ್ನು ಮೇಜಿನ ಮೇಲಿಟ್ಟ. ಆಮೇಲೆ ಅಮ್ಮನನ್ನು ಕುರ್ಚಿಯಲ್ಲಿ ಕೂರಿಸಿದ. "ಮೇಡಂ, ಬ್ಲಡ್ ಎಲ್ಲಾ ಚೆಕ್ ಮಾಡಿಸಿದೀವಿ. ಕ್ಯಾನ್ಸರ್ ಟೆಸ್ಟೂ ಆಗಿದೆ. ರಕ್ತದಲ್ಲಿ ಏನೂ ಇಲ್ಲ. ಈ ಹುಣ್ಣೊಂದು ಮಾತ್ರ ಮಾಯ್ತಿಲ್ಲ." ಅಮ್ಮ ಸೆರಗಿನಿಂದ ಎಡಗೆನ್ನೆ ಮುಚ್ಚಿಕೊಂಡು ಕೂತಿದ್ದರು.

ನಾನು ಬಾಯಿಯ ರೋಗಗಳ ಪೆಥಾಲಜಿಸ್ಟ್. ನನ್ನ ಹತ್ತಿರ ಬರುವುದು ಸಾಮಾನ್ಯವಾಗಿ ಮನುಷ್ಯರಲ್ಲ, ಗಾಜಿನ ಸ್ಲೈಡುಗಳು. ಅವತ್ತು ಹೊರರೋಗಿ ವಿಭಾಗದಲ್ಲಿ ನನ್ನ ಸರದಿ ಇತ್ತು. ಹಾಗಾಗಿ ಈ ಪ್ರಕರಣವನ್ನು ಮೊದಲ ದಿನದಿಂದ ನೋಡುವ ಅವಕಾಶ ಸಿಕ್ಕಿತು. ಗುರುತು ಸಿಗಬಾರದೆಂದು ವಯಸ್ಸು, ಊರಿನ ಕಡೆ, ಮನೆಯವರ ಕೆಲವು ವಿವರಗಳನ್ನು ಬದಲಿಸಿದ್ದೇನೆ.

ವಯಸ್ಸು 54. ಊರು ಅರಸೀಕೆರೆ ಕಡೆ. ಕೊಬ್ಬರಿ ಸುಲಿಯುವ ಕೆಲಸ. ಮದುವೆಯಾಗಿ ಬಂದ ಹೊಸದರಲ್ಲಿ ಅತ್ತೆಯ ಜೊತೆ ಎಲೆಅಡಿಕೆ ಶುರುವಾಯಿತಂತೆ. ಮೊದಲ ಬಾಣಂತನದಲ್ಲಿ ಹಲ್ಲುನೋವು ಬಂದಾಗ ಯಾರೋ ಒಂದು ಚಿಟಿಕೆ ಕಡ್ಡಿಪುಡಿ ಸೇರಿಸಿಕೊಳ್ಳಲು ಹೇಳಿದರು. ನೋವು ಹೋಯಿತು, ಕಡ್ಡಿಪುಡಿ ಉಳಿಯಿತು. ಮೂವತ್ತು ವರ್ಷ. ದಿನಕ್ಕೆ ಎಂಟು ಹತ್ತು ಸಲ. ರಾತ್ರಿ ಮಲಗುವಾಗಲೂ ಎಡಗಡೆ ಕೆಳದವಡೆ ಮತ್ತು ಕೆನ್ನೆಯ ನಡುವಿನ ಸಂದಿಯಲ್ಲಿ ಒಂದು ಉಂಡೆ ಇರಲೇಬೇಕು. "ಅದು ಹಾಕ್ದೆ ಇದ್ರೆ ಕೆಲ್ಸಕ್ಕೆ ಕೈ ಬರಲ್ಲ ಕಣವ್ವ" ಅಂದರು. ಸೊಂಟದಲ್ಲಿ ಎಲೆಚೀಲ ಆಗಲೂ ಇತ್ತು.

ಬೀಡಿ ಸೇದುವವರಿಗೆ ಮಾತ್ರ ಈ ಕಾಯಿಲೆ ಎಂದು ತಿಳಿದವರು ಇನ್ನೂ ಇದ್ದಾರೆ. ದೇಶದ ಲೆಕ್ಕ ಬೇರೆಯೇ ಹೇಳುತ್ತದೆ. 2016-17ರ ತಂಬಾಕು ಸಮೀಕ್ಷೆಯ ಪ್ರಕಾರ ಭಾರತದ ವಯಸ್ಕರಲ್ಲಿ ಸೇದುವವರು ಶೇ. 10.7, ಹೊಗೆಯಿಲ್ಲದ ತಂಬಾಕು ಬಳಸುವವರು ಶೇ. 21.4. ಅಂದರೆ ಅಗಿಯುವವರು, ಇಟ್ಟುಕೊಳ್ಳುವವರೇ ಎರಡು ಪಟ್ಟು. ಹಳ್ಳಿಯ ಹೆಂಗಸರು ಹೆಚ್ಚಾಗಿ ಈ ಎರಡನೆಯ ಗುಂಪಿನಲ್ಲಿ ಸಿಗುತ್ತಾರೆ. ಅದು ಚಟ ಎಂದು ಯಾರೂ ಕರೆಯುವುದಿಲ್ಲ, ಎಲೆಅಡಿಕೆ ಅಷ್ಟೇ.

ಬಾಯಿ ತೆಗೆಯಲು ಹೇಳಿದೆ. ನಾವು ಮೊದಲು ನೋಡುವುದು ಎಷ್ಟು ಬೆರಳು ಹಿಡಿಸುತ್ತದೆ ಎಂದು. ಅವರದೇ ಮೂರು ಬೆರಳು ಒಂದರ ಮೇಲೊಂದು ಮೇಲಿನ ಮತ್ತು ಕೆಳಗಿನ ಹಲ್ಲುಗಳ ಮಧ್ಯೆ ಹೋಗಬೇಕು. ಎರಡೇ ಬೆರಳು, ಅವೂ ಕಷ್ಟದಲ್ಲಿ ಹೋದವು. ಅವರು ಉಂಡೆ ಇಡುತ್ತಿದ್ದ ಅದೇ ಸಂದಿಯಲ್ಲಿ ಹುಣ್ಣು. ಅಂಚು ಎದ್ದು ಸುರುಳಿಕೊಂಡಿತ್ತು, ಮುಟ್ಟಿದರೆ ಗಟ್ಟಿ. ಪಕ್ಕದ ದವಡೆಹಲ್ಲು ಅಲುಗಾಡುತ್ತಿತ್ತು. ದವಡೆಯ ಕೆಳಗೆ ಕತ್ತಿನಲ್ಲಿ ಹುಣಸೆಬೀಜದಷ್ಟು ಒಂದು ಗಂಟು. ನೋವಿಲ್ಲ ಅಂದರು. ಈ "ನೋವಿಲ್ಲ" ಅನ್ನುವುದೇ ನನಗೆ ಯಾವಾಗಲೂ ಇಷ್ಟವಾಗದ ಮಾತು.

ಹುಣ್ಣು ಶುರುವಾದದ್ದು ಯುಗಾದಿ ಹೊತ್ತಿಗೆ. ನಮ್ಮ ಹತ್ತಿರ ಬಂದದ್ದು ಶ್ರಾವಣದಲ್ಲಿ. ಮಧ್ಯದ ತಿಂಗಳುಗಳಲ್ಲಿ ಏನಾಯಿತು ಎನ್ನುವುದು ಆ ಫೈಲಿನಲ್ಲಿತ್ತು.

ಮಗ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾನೆ. ಅಮ್ಮನ ಮೇಲೆ ಪ್ರೀತಿ ಇದ್ದವನೇ. ಹುಣ್ಣು ಮಾಯುತ್ತಿಲ್ಲ ಎಂದು ಫೋನಿನಲ್ಲಿ ಕೇಳಿದ ವಾರದಲ್ಲೇ ಒಂದು ಲ್ಯಾಬಿನ "ಮಹಿಳೆಯರ ಕ್ಯಾನ್ಸರ್ ಪ್ಯಾಕೇಜ್" ಬುಕ್ ಮಾಡಿದ. ಹುಡುಗರು ಮನೆಗೇ ಬಂದು ರಕ್ತ ತೆಗೆದುಕೊಂಡು ಹೋದರು. ಮರುದಿನ ಮೊಬೈಲಿಗೆ ವರದಿ ಬಂತು. ಸಿಇಎ, ಸಿಎ 125, ಸಿಎ 19-9, ಎಎಫ್‌ಪಿ. ನಾಲ್ಕೂ ಹಸಿರು ಬಣ್ಣದಲ್ಲಿ. ಮನೆಯವರೆಲ್ಲ ಉಸಿರು ಬಿಟ್ಟರು. ಆಮೇಲೆ ಉಷ್ಣ ಎಂದು ತುಪ್ಪ ಸವರಿದರು, ಬಿ ಕಾಂಪ್ಲೆಕ್ಸ್ ಮಾತ್ರೆ ನುಂಗಿಸಿದರು, ಉಪ್ಪುನೀರು ಮುಕ್ಕಳಿಸಿದರು. ಹೀಗೇ ಮೂರು ತಿಂಗಳು ಮೀರಿತು.

ಲ್ಯಾಬ್ ಸುಳ್ಳು ಹೇಳಿರಲಿಲ್ಲ. ಅದೇ ಇಲ್ಲಿನ ತೊಡಕು. ಸಿಎ 125 ಮುಖ್ಯವಾಗಿ ಅಂಡಾಶಯದ ಕ್ಯಾನ್ಸರಿನಲ್ಲಿ ನೋಡುವಂಥದ್ದು. ಸಿಎ 19-9 ಮೇದೋಜೀರಕ ಗ್ರಂಥಿಗೆ. ಎಎಫ್‌ಪಿ ಯಕೃತ್ತಿಗೆ. ಸಿಇಎ ದೊಡ್ಡ ಕರುಳಿಗೆ. ಅವುಗಳಲ್ಲೂ ಹೆಚ್ಚಿನವು ಕಾಯಿಲೆ ಗೊತ್ತಾದ ಮೇಲೆ ಚಿಕಿತ್ಸೆ ಹೇಗೆ ಸಾಗುತ್ತಿದೆ ಎಂದು ನೋಡಲು, ಕಾಯಿಲೆ ಹುಡುಕಲು ಅಲ್ಲ. ಬಾಯಿಗೆ ಸಂಬಂಧಿಸಿದ ಒಂದೂ ಆ ಪಟ್ಟಿಯಲ್ಲಿರಲಿಲ್ಲ. ತುಮಕೂರಿಗೆ ಹೋಗಬೇಕಾದವರು ಮಂಗಳೂರು ಬಸ್ಸಿನ ವೇಳಾಪಟ್ಟಿ ನೋಡಿ "ಬಸ್ಸಿಲ್ಲ" ಅಂದ ಹಾಗೆ.

ಇನ್ನೊಂದು ವಿಷಯ. ಅದೇ ವರದಿಯ ಎರಡನೇ ಪುಟದಲ್ಲಿ ಹಿಮೋಗ್ಲೋಬಿನ್ 9.6 ಎಂದು ದಪ್ಪ ಅಕ್ಷರದಲ್ಲಿತ್ತು. ಬಿಳಿ ರಕ್ತಕಣಗಳಲ್ಲಿ ನ್ಯೂಟ್ರೋಫಿಲ್ ಶೇ. 74, ಲಿಂಫೋಸೈಟ್ ಶೇ. 18. ಈ ಎರಡರ ಅನುಪಾತ ಏರಿದ್ದರೆ ಬಾಯಿಯ ಕ್ಯಾನ್ಸರಿನಲ್ಲಿ ಮುಂದಿನ ಹಾದಿ ಸ್ವಲ್ಪ ಕಷ್ಟ ಎಂದು ಹಲವು ಅಧ್ಯಯನಗಳು ಹೇಳಿವೆ. ಆದರೆ ಒಂದು ಹಲ್ಲು ಕೀವಾದರೂ ಅದು ಏರುತ್ತದೆ. ಹಾಗಾಗಿ ಅದನ್ನು ನೋಡಿ ಯಾರಾದರೂ ಕ್ಯಾನ್ಸರ್ ಎಂದು ಹೇಳಬೇಕಿತ್ತು ಎನ್ನುವುದಿಲ್ಲ. ಮನೆಯವರು ಕ್ಯಾನ್ಸರ್ ಎಂಬ ಪದದ ಮುಂದೆ ಹಸಿರು ಕಂಡು ಮುಂದಿನ ಪುಟ ತಿರುಗಿಸಿರಲಿಲ್ಲ ಅಷ್ಟೇ.

ಹುಣ್ಣಿನ ಅಂಚಿನಿಂದ ಒಂದು ಚೂರು ತೆಗೆದೆವು. ಹೆಸರುಕಾಳಿಗಿಂತ ಸ್ವಲ್ಪ ದೊಡ್ಡದು. ಮೂರನೇ ದಿನ ಸ್ಲೈಡ್ ನನ್ನ ಮೈಕ್ರೋಸ್ಕೋಪಿನ ಕೆಳಗೆ ಬಂತು. ಸರಿಯಾದ ಬಾಯಿಯ ಚರ್ಮ ಗೋಡೆಯ ಇಟ್ಟಿಗೆಯಂತೆ ಪದರ ಪದರವಾಗಿ ಇರುತ್ತದೆ. ಕೆಳಗೊಂದು ಗೆರೆ ಎಳೆದ ಹಾಗೆ ಇರುತ್ತದೆ, ಜೀವಕೋಶಗಳು ಅದನ್ನು ದಾಟುವುದಿಲ್ಲ. ಇಲ್ಲಿ ಗೆರೆಯೇ ಇಲ್ಲ. ಕೋಶಗಳು ಗುಂಪು ಗುಂಪಾಗಿ ಕೆಳಗಿನ ಸ್ನಾಯುವಿಗೆ ಇಳಿದಿದ್ದವು. ಮಧ್ಯೆ ಮಧ್ಯೆ ಗುಲಾಬಿ ಬಣ್ಣದ ಸುರುಳಿಗಳು, ಈರುಳ್ಳಿಯನ್ನು ಅಡ್ಡ ಕೊಯ್ದರೆ ಕಾಣುವಂಥವು. ಕೆರಟಿನ್ ಮುತ್ತು ಎಂದು ಕರೆಯುತ್ತೇವೆ. ಹೆಸರು ಚೆನ್ನಾಗಿದೆ, ವಸ್ತು ಅಲ್ಲ. ಸ್ಕ್ವಾಮಸ್ ಸೆಲ್ ಕಾರ್ಸಿನೋಮ, ಅಂದರೆ ಬಾಯಿಯ ಒಳಚರ್ಮದ ಕ್ಯಾನ್ಸರ್, ಎಂದು ಬರೆದು ಸಹಿ ಹಾಕಿದೆ.

ಆ ಸಂಜೆ ಮಗ ಕೇಳಿದ್ದು ಒಂದೇ ಪ್ರಶ್ನೆ. "ಹಂಗಾದ್ರೆ ರಕ್ತದಲ್ಲಿ ಯಾಕೆ ಬರ್ಲಿಲ್ಲ?"

ಬಾಯಿಯ ಕ್ಯಾನ್ಸರಿಗೆ ಹತ್ತಿರದ ರಕ್ತದ ಗುರುತು ಎಂದರೆ ಎಸ್‌ಸಿಸಿ ಆ್ಯಂಟಿಜೆನ್. 1977ರಲ್ಲಿ ಜಪಾನಿನ ವಿಜ್ಞಾನಿಗಳು ಗರ್ಭಕೊರಳಿನ ಗಡ್ಡೆಯಿಂದ ಈ ಪ್ರೋಟೀನನ್ನು ಬೇರ್ಪಡಿಸಿದರು. ಇನ್ನೊಂದು ಸೈಫ್ರಾ 21-1, ಅಂದರೆ ಸಾಯುವ ಕೋಶಗಳಿಂದ ರಕ್ತಕ್ಕೆ ಬೀಳುವ ಕೆರಟಿನ್ ಚೂರು. ಎರಡೂ ಗಡ್ಡೆ ದೊಡ್ಡದಾದ ಮೇಲೆ, ಗಂಟುಗಳಿಗೆ ಹರಡಿದ ಮೇಲೆ ಹೆಚ್ಚಾಗಿ ಏರುತ್ತವೆ. ಸಣ್ಣದಿದ್ದಾಗ ಸುಮ್ಮನಿರುತ್ತವೆ. ಎಸ್‌ಸಿಸಿ ಆ್ಯಂಟಿಜೆನ್‌ಗಂತೂ ಇನ್ನೊಂದು ಚಾಳಿ. ಸೋರಿಯಾಸಿಸ್ ಇದ್ದರೆ ಏರುತ್ತದೆ. ಕಿಡ್ನಿ ಕೆಟ್ಟಿದ್ದರೆ ಏರುತ್ತದೆ. ರಕ್ತ ತೆಗೆದ ಟ್ಯೂಬಿಗೆ ಒಂದು ಹನಿ ಉಗುಳು ಸಿಡಿದರೂ ಏರುತ್ತದೆ. ನಮ್ಮ ಚರ್ಮ, ಉಗುಳಿನಲ್ಲೇ ಅದು ಇದೆಯಲ್ಲ! ಈ ತಾಯಿಗೆ ಆಪರೇಷನ್ ಮುಂಚೆ ಮಾಡಿಸಿದಾಗ 1.1 ಬಂತು. ಸಾಮಾನ್ಯವಾಗಿ 1.5ರವರೆಗೆ ಸರಿ ಎನ್ನುತ್ತಾರೆ. ಅಂದರೆ ಪ್ಯಾಕೇಜಿನಲ್ಲಿ ಸರಿಯಾದ ಪರೀಕ್ಷೆಯೇ ಇದ್ದಿದ್ದರೂ, ಕತ್ತಿನ ಗಂಟು ಕೈಗೆ ಸಿಗುವ ಹಂತದಲ್ಲೂ, ವರದಿ ಹಸಿರೇ ಇರುತ್ತಿತ್ತು.

ಇದನ್ನು ಕೇಳಿ ಮಗನ ಮುಖ ಸ್ವಲ್ಪ ಸಡಿಲವಾಯಿತು. ತಪ್ಪು ಪ್ಯಾಕೇಜ್ ಆರಿಸಿದೆ ಎಂದು ಕೊರಗುತ್ತಿದ್ದ. ತಪ್ಪು ಆಯ್ಕೆಯಲ್ಲಿ ಇರಲಿಲ್ಲ, ರಕ್ತವನ್ನು ಕೇಳಿದ್ದರಲ್ಲೇ ಇತ್ತು.

ಚಿಕಿತ್ಸೆಯನ್ನು ಬೇಗ ಹೇಳಿ ಮುಗಿಸುತ್ತೇನೆ. ಆಯುಷ್ಮಾನ್ ಕಾರ್ಡಿನಲ್ಲಿ ಆಪರೇಷನ್ ಆಯಿತು. ಗಡ್ಡೆ, ಅದರ ಕೆಳಗಿನ ದವಡೆಮೂಳೆಯ ಮೇಲಂಚು, ಎಡಗಡೆ ಕತ್ತಿನ ಗಂಟುಗಳು ಎಲ್ಲ ತೆಗೆದರು. ಕೆನ್ನೆಯ ಒಳಗೆ ಮುಂಗೈಯ ಚರ್ಮ ಹೊಲಿದರು. ಪೂರ್ತಿ ಗಡ್ಡೆ ನನ್ನ ಮೇಜಿಗೆ ಬಂದಾಗ ಅಳತೆ 3.8 ಸೆಂಟಿಮೀಟರ್, ಆಳ 12 ಮಿಲಿಮೀಟರ್. ಈಗಿನ ನಿಯಮದಲ್ಲಿ ಅಗಲಕ್ಕಿಂತ ಈ ಆಳಕ್ಕೆ ನಾವು ಜಾಸ್ತಿ ಹೆದರುತ್ತೇವೆ. 10 ಮಿಲಿಮೀಟರ್ ದಾಟಿದ್ದರಿಂದಲೇ ಅದು ಟಿ3, ಅಂದರೆ ಗಡ್ಡೆಯ ನಾಲ್ಕು ದರ್ಜೆಗಳಲ್ಲಿ ಮೂರನೆಯದು, ಆಯಿತು. ಗಂಟುಗಳಲ್ಲಿ ಒಂದರಲ್ಲಿ ಮಾತ್ರ ಕ್ಯಾನ್ಸರ್, ಅದೂ ಗಂಟಿನ ಕವಚ ಒಡೆದು ಹೊರಗೆ ಬಂದಿರಲಿಲ್ಲ. ಮೂರನೇ ಹಂತ. ಕೊಯ್ದ ಅಂಚುಗಳು ಶುದ್ಧ. ಆಮೇಲೆ ಆರು ವಾರ ರೇಡಿಯೇಷನ್, 30 ಸಲ, ಒಟ್ಟು 60 ಗ್ರೇ (ಗ್ರೇ ಎಂದರೆ ವಿಕಿರಣದ ಅಳತೆ). ಬಾಯೆಲ್ಲ ಹುಣ್ಣಾಗಿ ರಾಗಿ ಗಂಜಿಯಲ್ಲೇ ದಿನ ದೂಡಿದರು. ಎಲೆಚೀಲವನ್ನು ಮೊದಲ ವಾರದಲ್ಲೇ ಸೊಸೆ ಒಲೆಗೆ ಹಾಕಿದ್ದಳಂತೆ.

ಯುಗಾದಿ ಕಳೆದು ತಿಂಗಳಲ್ಲೇ ಬಂದಿದ್ದರೆ ಆಳ ಎಷ್ಟಿರುತ್ತಿತ್ತು? ಹೇಳಲು ಬರುವುದಿಲ್ಲ. ಮಗನೂ ಕೇಳಿದ. ನಾನೂ ಹಾಗೇ ಹೇಳಿದೆ.

ಆಪರೇಷನ್ನಿಗೆ ಮುಂಚೆ ಇನ್ನೊಂದು ಪ್ರಸಂಗ ನಡೆದಿತ್ತು. ನನಗೆ ಈ ಪ್ರಕರಣದಲ್ಲಿ ಹೆಚ್ಚು ನೆನಪಿರುವುದು ಅದೇ. ನಮ್ಮಲ್ಲಿ ಒಂದು ಸಂಶೋಧನೆ ನಡೆಯುತ್ತಿತ್ತು. ಗಡ್ಡೆಯ ಒಂದು ಚೂರು ಮತ್ತು ಐದು ಮಿಲಿಲೀಟರ್ ರಕ್ತ ಕೊಟ್ಟರೆ ಎರಡರ ಡಿಎನ್‌ಎಯನ್ನೂ ಓದಿ ಹೋಲಿಸುತ್ತಿದ್ದರು. ಒಪ್ಪಿಗೆ ಪತ್ರ ಕನ್ನಡದಲ್ಲೇ ಇತ್ತು. "ಬಾಯಿಯ ಕ್ಯಾನ್ಸರಿನಲ್ಲಿ ವಂಶವಾಹಿ ಬದಲಾವಣೆಗಳ ಅಧ್ಯಯನ." ತಾಯಿಗೆ ಓದಿ ಹೇಳುತ್ತಿದ್ದದ್ದು ಕಿರಿಮಗಳು. ಓದುತ್ತಾ ಓದುತ್ತಾ ಅವಳ ಧ್ವನಿ ನಿಂತಿತು. ಕಾರಿಡಾರಿಗೆ ಬಂದು ಅತ್ತಳು. ಅವಳ ಮದುವೆ ಮಾತು ಮುಗಿದಿತ್ತು, ಲಗ್ನಪತ್ರಿಕೆಯೊಂದು ಬಾಕಿ. "ಮೇಡಂ, ವಂಶದಲ್ಲಿ ಬರುತ್ತೆ ಅಂತ ಇದ್ರಲ್ಲಿ ಬರ್ದಿದ್ದಾರೆ. ಅವ್ರ ಮನೇವ್ರಿಗೆ ಗೊತ್ತಾದ್ರೆ?"

ತಪ್ಪು ಅವಳದ್ದಲ್ಲ. ಜೀನ್ ಎನ್ನುವುದಕ್ಕೆ ನಾವು ವಂಶವಾಹಿ ಎಂದು ಹೆಸರಿಟ್ಟುಕೊಂಡಿದ್ದೇವೆ. ಪದದ ಒಳಗೇ ವಂಶ ಕೂತಿದೆ. ಹಾಗಾಗಿ ವಂಶವಾಹಿಯಲ್ಲಿ ಬದಲಾವಣೆ ಎಂದ ಕೂಡಲೇ ಓದಿದವರ ಕಣ್ಣ ಮುಂದೆ ಅಜ್ಜಿ, ಅಮ್ಮ, ಮಗಳು ಸಾಲಾಗಿ ನಿಲ್ಲುತ್ತಾರೆ. ಆ ಪತ್ರ ಬರೆದವರಿಗೂ, ಅದನ್ನು ಎಷ್ಟೋ ಜನಕ್ಕೆ ಕೊಟ್ಟ ನನಗೂ ಇದು ಹೊಳೆದಿರಲಿಲ್ಲ.

ಅವಳನ್ನು ಕೂರಿಸಿಕೊಂಡು ಹೇಳಿದ್ದು ಹೀಗೆ. ನಿಮ್ಮ ಅಮ್ಮ ಹುಟ್ಟುವಾಗ ತಂದ ಜೀನುಗಳ ಒಂದೊಂದು ಪ್ರತಿ ಅವರ ಮೈಯ ಪ್ರತಿ ಕೋಶದಲ್ಲೂ ಇದೆ. ಕಡ್ಡಿಪುಡಿ ಕೆಡಿಸಿದ್ದು ಆ ಎಲ್ಲ ಪ್ರತಿಗಳನ್ನೂ ಅಲ್ಲ. ಎಡಗೆನ್ನೆಯ ಸಂದಿಯಲ್ಲಿ, ಉಂಡೆ ತಾಗುತ್ತಿದ್ದ ಕಡೆಯ ಕೆಲವು ಕೋಶಗಳಲ್ಲಿನ ಪ್ರತಿಯನ್ನು. ನಿನಗೆ ಬಂದದ್ದು ಅವರ ಅಂಡಾಣುವಿನಲ್ಲಿದ್ದ ಪ್ರತಿ. ಕೆನ್ನೆಯಲ್ಲಿ ಆದದ್ದು ಕೆನ್ನೆಯಲ್ಲೇ ಉಳಿಯುತ್ತದೆ, ಬಸಿರಿಗೆ ಇಳಿಯುವುದಿಲ್ಲ.

ಕೆಡಿಸುವ ರೀತಿಯನ್ನೂ ಕೇಳಿದಳು, ಬಿಎಸ್ಸಿ ಓದಿದವಳು. ತಂಬಾಕಿನ ಎಲೆಯನ್ನು ಹದಮಾಡುವಾಗಲೇ ಎನ್‌ಎನ್‌ಕೆ, ಎನ್‌ಎನ್‌ಎನ್ ಎಂಬ ನೈಟ್ರೋಸಮೈನ್‌ಗಳು, ಅಂದರೆ ಕ್ಯಾನ್ಸರ್ ತರುವ ರಾಸಾಯನಿಕಗಳು, ಹುಟ್ಟುತ್ತವೆ. ತಮಾಷೆ ಎಂದರೆ ಅವು ನೇರವಾಗಿ ಜೀನನ್ನು ಕೆಡಿಸುವುದಿಲ್ಲ. ಹೊರಗಿನ ವಸ್ತುವನ್ನು ಕರಗಿಸಿ ಹೊರಹಾಕಲೆಂದು ಇರುವ ನಮ್ಮದೇ ಎಂಜೈಮುಗಳು ಅವುಗಳನ್ನು ಒಡೆಯುತ್ತವೆ. ಒಡೆದ ಚೂರು ಡಿಎನ್‌ಎಗೆ ಅಂಟಿಕೊಳ್ಳುತ್ತದೆ. ಕೋಶ ತನ್ನ ಪ್ರತಿ ತೆಗೆಯುವಾಗ ಅಂಟಿದ ಅಕ್ಷರವನ್ನು ತಪ್ಪಾಗಿ ಓದುತ್ತದೆ. ಸುಣ್ಣ ತನ್ನ ಪಾಲಿಗೆ ಬಾಯಿಯನ್ನು ಕ್ಷಾರ ಮಾಡಿ ನಿಕೋಟಿನ್ ಬೇಗ ಒಳಗಿಳಿಯುವಂತೆ ಮಾಡುತ್ತದೆ, ಚರ್ಮವನ್ನು ಸುಡುತ್ತದೆ, ಸುಟ್ಟದ್ದನ್ನು ರಿಪೇರಿ ಮಾಡಲು ಕೋಶಗಳು ಮತ್ತೆ ಮತ್ತೆ ಎರಡಾಗಿ ಒಡೆಯಬೇಕಾಗುತ್ತದೆ. ಪ್ರತಿ ಸಲ ಒಡೆದಾಗಲೂ ತಪ್ಪಿಗೆ ಇನ್ನೊಂದು ಅವಕಾಶ. ಅಡಿಕೆಯೂ ಪಾಪದ್ದಲ್ಲ. ತಂಬಾಕಿಲ್ಲದ ಎಲೆಅಡಿಕೆಯನ್ನೂ, ಬರೀ ಅಡಿಕೆಯನ್ನೂ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿ ಇಪ್ಪತ್ತು ವರ್ಷ ಆಗಿದೆ. ಬಾಯಿ ಬಿಗಿದು ಎರಡೇ ಬೆರಳು ಹಿಡಿಸುವುದಕ್ಕೂ ಅಡಿಕೆಗೂ ನಂಟಿದೆ. ನಮ್ಮ ಅಜ್ಜನ ಮನೆಯವರು ಅಡಿಕೆ ತೋಟದವರು. ಅಲ್ಲಿ ಈ ಮಾತು ಎತ್ತಿದರೆ ಊಟಕ್ಕೆ ಮೊದಲೇ ಎದ್ದು ಬರಬೇಕಾಗುತ್ತದೆ. ಆದರೂ ಇದ್ದದ್ದು ಇದ್ದ ಹಾಗೆ ಹೇಳಬೇಕಲ್ವಾ.

ತಾಯಿ ಹೆಬ್ಬೆಟ್ಟು ಒತ್ತಿದರು. ರಕ್ತ, ಗಡ್ಡೆ ಎರಡೂ ಹೋದವು.

ಕೆಲವು ತಿಂಗಳ ನಂತರ ಫಲಿತಾಂಶ ಬಂತು. ಗಡ್ಡೆಯಲ್ಲಿ ಟಿಪಿ53 ಜೀನ್ ಕೆಟ್ಟಿತ್ತು. ಅಚ್ಚರಿಯಿಲ್ಲ. ಈ ಕ್ಯಾನ್ಸರಿನಲ್ಲಿ ಎಲ್ಲಕ್ಕಿಂತ ಹೆಚ್ಚು ಸಲ ಸಿಗುವುದು ಅದೇ. ಆ ಜೀನ್ ತಯಾರಿಸುವ ಪಿ53 ಪ್ರೋಟೀನು 393 ಅಮೈನೋ ಆಮ್ಲದ ಕೊಂಡಿಗಳ ಸರಪಳಿ. ಡಿಎನ್‌ಎಗೆ ಪೆಟ್ಟಾದರೆ ಕೋಶವನ್ನು ನಿಲ್ಲಿಸುವುದು, ರಿಪೇರಿ ಆಗದಿದ್ದರೆ ಸಾಯಿಸುವುದು ಅದರ ಕೆಲಸ. ಈ ತಾಯಿಯ ಗಡ್ಡೆಯಲ್ಲಿ 248ನೇ ಕೊಂಡಿ ಬದಲಾಗಿತ್ತು. ಅರ್ಜಿನಿನ್ ಇರಬೇಕಾದಲ್ಲಿ ಟ್ರಿಪ್ಟೊಫ್ಯಾನ್. ಆ ಕೊಂಡಿಯೇ ಡಿಎನ್‌ಎಯನ್ನು ಕೈಯಿಟ್ಟು ಮುಟ್ಟುವ ಜಾಗ. ಅದು ತಪ್ಪಿದರೆ ಪ್ರೋಟೀನು ಇರುತ್ತದೆ, ಹಿಡಿತ ಇರುವುದಿಲ್ಲ. ಸ್ಲೈಡಿಗೆ ಪಿ53ರ ಬಣ್ಣ ಹಾಕಿದಾಗ ಕೋಶಗಳ ನಡುಬೀಜಗಳೆಲ್ಲ ಕಂದು ಕಂದಾಗಿ ತುಂಬಿದ್ದವು. ಕೆಲಸ ಮಾಡದ ಪ್ರೋಟೀನು ಕರಗದೆ ರಾಶಿ ಬೀಳುತ್ತದೆ. ಜೊತೆಗೆ ಕ್ಯಾಸ್ಪ್8 ಎಂಬ ಜೀನೂ ಕೆಟ್ಟಿತ್ತು. ಅದು ಕೋಶಕ್ಕೆ ಸಾಯುವ ಆದೇಶ ತಲುಪಿಸುವ ದಾರಿಯಲ್ಲಿದೆ.

ಈ ಜೋಡಿ ನಮ್ಮ ದೇಶದ ಒಸಡು-ಕೆನ್ನೆ ಕ್ಯಾನ್ಸರಿಗೆ ಹೊಸದಲ್ಲ. ಪಶ್ಚಿಮ ಬಂಗಾಳದ ಕಲ್ಯಾಣಿಯಲ್ಲಿರುವ ರಾಷ್ಟ್ರೀಯ ಜೈವಿಕ ವೈದ್ಯಕೀಯ ಜೀನೋಮಿಕ್ಸ್ ಸಂಸ್ಥೆ ಮತ್ತು ನವಿ ಮುಂಬೈಯಲ್ಲಿರುವ ಟಾಟಾ ಸ್ಮಾರಕ ಕೇಂದ್ರದ ಸಂಶೋಧನಾಲಯ ಸೇರಿ 2013ರಲ್ಲಿ ಒಂದು ದೊಡ್ಡ ಅಧ್ಯಯನ ಪ್ರಕಟಿಸಿದವು. ಮೊದಲು 50 ರೋಗಿಗಳು, ಖಚಿತಪಡಿಸಿಕೊಳ್ಳಲು ಇನ್ನೂ 60. ಟಿಪಿ53, ಫ್ಯಾಟ್1, ಕ್ಯಾಸ್ಪ್8, ಎಚ್‌ರಾಸ್, ನಾಚ್1 ಎಲ್ಲ ಅಲ್ಲಿ ಮತ್ತೆ ಮತ್ತೆ ಸಿಕ್ಕವು. ಜೊತೆಗೆ ಯುಎಸ್‌ಪಿ9ಎಕ್ಸ್, ಎಂಎಲ್‌ಎಲ್4, ಎಆರ್‌ಐಡಿ2 ಮುಂತಾದ ಹೊಸ ಹೆಸರುಗಳೂ ಬಂದವು.

248ನೇ ಕೊಂಡಿಯ ತಪ್ಪು ಕಡ್ಡಿಪುಡಿಯದ್ದೇ ಎಂದು ಬೊಟ್ಟು ಮಾಡಬಹುದೇ? ಎನ್‌ಎನ್‌ಕೆ ಮಾಡುವಂಥ ಅಕ್ಷರ ಬದಲಾವಣೆಯೇ ಅದು. ಆದರೆ ವಯಸ್ಸಾದಂತೆ ತಾನಾಗಿಯೂ ಅದೇ ತಪ್ಪು ಆಗುತ್ತದೆ. ಒಂದು ಅಕ್ಷರ ನೋಡಿ ಕಳ್ಳ ಯಾರೆಂದು ಹೇಳಲಾಗದು. ಹುಣ್ಣು ಎದ್ದ ಜಾಗವೂ ಉಂಡೆ ಇಟ್ಟ ಜಾಗವೂ ಒಂದೇ ಎನ್ನುವುದು ನನಗೆ ಜೀನಿಗಿಂತ ಗಟ್ಟಿ ಸಾಕ್ಷಿ.

ಇನ್ನು ರಕ್ತ. ಹೋಲಿಕೆಗೆಂದು ತೆಗೆದುಕೊಂಡ ಆ ಐದು ಮಿಲಿಲೀಟರ್. ಬಿಳಿ ರಕ್ತಕಣಗಳಲ್ಲಿರುವುದು ಹುಟ್ಟಿದಾಗಿನ ಪ್ರತಿ. ಅಲ್ಲಿ 248ನೇ ಕೊಂಡಿ ಅರ್ಜಿನಿನ್ನೇ. ಕ್ಯಾಸ್ಪ್8 ಕೂಡ ಸರಿ. ಟಿಪಿ53 ಹುಟ್ಟಿನಿಂದಲೇ ಕೆಟ್ಟ ಅಪರೂಪದ ಮನೆತನಗಳು ಇವೆ, ಲೀ-ಫ್ರಾಮೆನಿ ಎಂದು ಅದಕ್ಕೆ ಹೆಸರು. ಇದು ಅದಲ್ಲ ಎಂದು ಈಗ ಕಾಗದದ ಮೇಲೇ ಇತ್ತು.

ಕಿರಿಮಗಳಿಗೆ ನಾನೇ ಫೋನ್ ಮಾಡಿದೆ. ಏನು ಹೇಳಬೇಕೆಂದು ಮೊದಲೇ ಯೋಚಿಸಿರಲಿಲ್ಲ. ಬಾಯಿಗೆ ಬಂದದ್ದು, "ರಕ್ತದಲ್ಲಿ ಏನೂ ಇಲ್ಲ ಕಣಮ್ಮ." ಹೇಳಿದ ಮೇಲೆ ನನಗೇ ಒಂದು ಕ್ಷಣ ಕಸಿವಿಸಿಯಾಯಿತು. ಅವರಣ್ಣ ಫೈಲ್ ಇಟ್ಟುಕೊಂಡು ಹೇಳಿದ್ದೂ ಇದೇ ಮಾತು. ಆಗ ಅದು ಮೂರು ತಿಂಗಳು ತಿಂದಿತ್ತು. ಈಗ ಒಂದು ಮದುವೆ ಉಳಿಸಿತು.

ಜೀನ್ ವರದಿಯಿಂದ ಚಿಕಿತ್ಸೆಯಲ್ಲಿ ಏನಾದರೂ ಬದಲಾಯಿತೇ ಎಂದು ಕೇಳಿದರೆ, ಇಲ್ಲ. ಟಿಪಿ53ರ ಈ ತಪ್ಪಿಗೆ ಇವರಿಗೆ ಕೊಡಬಹುದಾದ ಔಷಧಿ ನಮ್ಮ ಕೈಯಲ್ಲಿರಲಿಲ್ಲ. ಆಪರೇಷನ್, ರೇಡಿಯೇಷನ್ ಎರಡೂ ಅಳತೆ, ಆಳ, ಗಂಟು ನೋಡಿಯೇ ತೀರ್ಮಾನವಾದವು. ದುಡ್ಡು ಕೊಟ್ಟು ಇಂಥ ಜೀನ್ ಪರೀಕ್ಷೆ ಮಾಡಿಸಬೇಕೇ ಎಂದು ಮೂರನೇ ಹಂತದ ರೋಗಿಯ ಮನೆಯವರು ಕೇಳಿದರೆ, ಆ ದುಡ್ಡನ್ನು ಊಟಕ್ಕೆ, ಓಡಾಟಕ್ಕೆ ಇಟ್ಟುಕೊಳ್ಳಿ ಎನ್ನುತ್ತೇನೆ. ಸಂಶೋಧನೆ ಬೇರೆ ಮಾತು.

ಮುಂದೆ ರಕ್ತದಿಂದ ಉಪಯೋಗ ಆಗುವ ದಾರಿ ಇದೆ. ಗಡ್ಡೆಯ ಕೋಶಗಳು ಸತ್ತಾಗ ಅವುಗಳ ಡಿಎನ್‌ಎ ಚೂರುಗಳು ರಕ್ತದಲ್ಲಿ ತೇಲುತ್ತವೆ, ಕೆಲವೇ ಗಂಟೆಗಳಲ್ಲಿ ಕರಗಿಹೋಗುತ್ತವೆ. ಅಂದರೆ ಅದು ಆ ಹೊತ್ತಿನ ಸುದ್ದಿ. ರೋಗಿಯ ಗಡ್ಡೆಯಲ್ಲಿ ಯಾವ ಅಕ್ಷರ ತಪ್ಪಿದೆ ಎಂದು ಮೊದಲೇ ಗೊತ್ತಿದ್ದರೆ ಅದನ್ನೇ ಹುಡುಕಬಹುದು. 2015ರಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ತಂಡ ತಲೆ-ಕತ್ತಿನ ಕ್ಯಾನ್ಸರಿನ 93 ರೋಗಿಗಳಲ್ಲಿ ಹೀಗೆ ಹುಡುಕಿತು. ಬಾಯಿಯ ಕ್ಯಾನ್ಸರ್ ಇದ್ದವರಲ್ಲಿ ರಕ್ತದಲ್ಲಿ ಶೇ. 80 ಜನರಿಗೆ ಸಿಕ್ಕಿತು. ಉಗುಳಿನಲ್ಲಿ ಎಲ್ಲರಿಗೂ ಸಿಕ್ಕಿತು. ಮತ್ತೆ ಬಾಯಿಗೇ ಬಂತು ನೋಡಿ.

ಬರೀ ಟಾರ್ಚ್ ಹಿಡಿದು ಬಾಯಿ ನೋಡುವುದರ ಲೆಕ್ಕವೂ ಇದೆ. ತಿರುವನಂತಪುರದಲ್ಲಿ 1996ರಿಂದ ಆರೋಗ್ಯ ಕಾರ್ಯಕರ್ತರು ಮನೆ ಮನೆಗೆ ಹೋಗಿ ಬಾಯಿ ನೋಡಿದರು. ಕಣ್ಣು, ಬೆಳಕು, ಬೆರಳು ಅಷ್ಟೇ. ತಂಬಾಕು ಅಥವಾ ಮದ್ಯ ಬಳಸುವವರಲ್ಲಿ ಬಾಯಿಯ ಕ್ಯಾನ್ಸರಿನ ಸಾವು ಶೇ. 34ರಷ್ಟು ಕಡಿಮೆಯಾಯಿತು ಎಂದು 2005ರಲ್ಲಿ ವರದಿ ಬಂತು. ಯಾವ ರಕ್ತ ಪರೀಕ್ಷೆಗೂ ಬಾಯಿಯ ಕ್ಯಾನ್ಸರಿನಲ್ಲಿ ಇಷ್ಟು ದೊಡ್ಡ ಪುರಾವೆ ಇಲ್ಲ.

ಎರಡು ವರ್ಷ ದಾಟಿತು. ಎಡಗೆನ್ನೆಯಲ್ಲಿ ಮುಂಗೈಯ ಚರ್ಮ ಚೆನ್ನಾಗಿ ಕೂತಿದೆ, ಮಾತು ಸ್ವಲ್ಪ ತೊದಲು. ಮಗಳಿಗೆ ಮದುವೆಯಾಗಿ ಗಂಡುಮಗು. ಮಗ ಪ್ರತಿ ಸಲ ತಪ್ಪದೆ ಕರೆತರುತ್ತಾನೆ. ಕಳೆದ ಸಲ ಬಂದಾಗ ಬಲಗೆನ್ನೆಯ ಒಳಗೆ, ಮುಂಚೆ ಏನೂ ಇಲ್ಲದ ಕಡೆ, ಒಂದು ಬಿಳಿ ಮಚ್ಚೆ ಕಂಡಿತು. ಒರೆಸಿದರೆ ಹೋಗುವಂಥದ್ದಲ್ಲ. ಮೂವತ್ತು ವರ್ಷ ರಸ ಹರಿದದ್ದು ಇಡೀ ಬಾಯಿಯಲ್ಲಿ. ಉಂಡೆ ಎಡಕ್ಕಿದ್ದರೂ ಹೊಲವೆಲ್ಲ ಒಂದೇ. ಹೀಗೆ ಒಂದು ಗಡ್ಡೆಯ ಆಚೆಗೂ ಬಾಯಿ ಕೆಟ್ಟಿರುತ್ತದೆ ಎಂದು 1953ರಲ್ಲೇ ಸ್ಲಾಟರ್ ಮತ್ತವರ ಸಂಗಡಿಗರು ಬರೆದಿದ್ದರು.

ಚೂರು ತೆಗೆದು ನೋಡಿದೆ. ಕೆಳಗಿನ ಗೆರೆ ಗಟ್ಟಿಯಾಗಿದೆ. ಅದರ ಮೇಲಿನ ಒಂದೆರಡು ಸಾಲಿನ ಕೋಶಗಳು ಮಾತ್ರ ಸ್ವಲ್ಪ ಓರೆಕೋರೆ. ಮೊದಲ ಮಟ್ಟದ ಡಿಸ್‌ಪ್ಲೇಸಿಯ, ಕ್ಯಾನ್ಸರ್ ಅಲ್ಲ. ಮಗ ಕೇಳಿದ, "ಮೇಡಂ, ಬ್ಲಡ್ ಟೆಸ್ಟ್ ಏನಾದ್ರೂ ಬರೀತೀರಾ?"

ಹಿಮೋಗ್ಲೋಬಿನ್ ಒಂದು ಮಾಡಿಸಿ ಅಂದೆ. ಮತ್ತೆ ಮೂರು ತಿಂಗಳಿಗೆ ಬಾಯಿ ತೋರಿಸಲು ಬರಬೇಕು ಎಂದು ಚೀಟಿಯಲ್ಲಿ ಬರೆದುಕೊಟ್ಟೆ. ಅಮ್ಮ ಚೀಟಿಯನ್ನು ಮಡಿಸಿ ಸೊಂಟಕ್ಕೆ, ಎಲೆಚೀಲ ಇರುತ್ತಿದ್ದ ಕಡೆ ಸಿಕ್ಕಿಸಿಕೊಂಡರು.